ಅವ್ವಿ ನಿನ್ನ ಹೆಸರು ಹಾಡಿದಳು

ಅಘನಾಶಿನಿ
೧೪ ಡಿಸೆಂಬರ್ ೨೦೨೪

ನನ್ನ ದೇವಕ್ಕನಿಗೆ,

ತಂಗಿ ದೀಪಾ ನಿನ್ನನ್ನು ನೆನೆದು ಬರೆಯುತ್ತಿರುವ ಕಾಗದ ಇದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಸೆಕೆ ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತೇವೆ. ಈ ವಿಷಯ ಹಾಗೆ ಹೇಳಿ ಮುಗಿಸುವಂಥದ್ದಲ್ಲ.

ಮೊದಲೇ ಹೇಳುತ್ತೇನೆ, ಅವ್ವಿ ಆರಾಮಿದ್ದಾಳೆ. ಕಳೆದ ವಾರ ಹೊಳೆಯಲ್ಲಿ ನೀರಿಳಿದಾಗ ಕೆಸರಿನಿಂದ ಬಳಚಿನ ಚಿಪ್ಪು ಆರಿಸಿ ದೋಣಿ ಹತ್ತುತ್ತ ಜಾರಿ ಬಿದ್ದಳು. ಬಲತೋಳಿನ ಕೀಲು ತಪ್ಪಿತು. ಅಂಗನವಾಡಿಯ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಓಡಿದೆ. ರಿಕ್ಷಾದಲ್ಲಿ ಹೊನ್ನಾವರದ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯಲ್ಲಿ ಅವಳು ಒಮ್ಮೆಯೂ ನರಳಲಿಲ್ಲ. ನಿನಗೆ ಗೊತ್ತಲ್ಲ, ಅಪ್ಪ ಸತ್ತ ದಿನವೂ ದನಿ ತೆಗೆದು ಅತ್ತವಳಲ್ಲ ಅವಳು. ನೀನು ದಿನೇಶ ಭಾವನ ಜೊತೆ ಭಟ್ಕಳಕ್ಕೆ ಹೋಗಿ ರಿಜಿಸ್ಟರ್ ಮದುವೆಯಾದ ಸುದ್ದಿ ಬಂದಾಗ ಗಂಜಿ ಬಡಿಸುತ್ತಿದ್ದಳು. ಬಡಿಸಿದಳು, ತಾನೂ ಉಂಡಳು. ಅವತ್ತಿನಿಂದ ಈ ಮನೆಯಲ್ಲಿ ನಿನ್ನ ಹೆಸರನ್ನು ಅವಳು ಎತ್ತಿಲ್ಲ. ಬೈಯಲಿಕ್ಕೂ ಎತ್ತಿಲ್ಲ.

ಡಾಕ್ಟರಮ್ಮನ ಹೆಸರು ಶರ್ಮಿಳಾ. ಕೀಲು ಕೂರಿಸುವ ಮುಂಚೆ ನೋವು ತಿಳಿಯದಂತೆ ಕೆಟಮಿನ್ ಎಂಬ ಇಂಜೆಕ್ಷನ್ ಕೊಡುತ್ತೇನೆ ಎಂದರು. ಅದು ಮನಸ್ಸಿನ ಮೇಲೂ ಕೆಲಸ ಮಾಡುತ್ತದಂತೆ. ಕೆಲವರು ಕನಸಿನಲ್ಲಿದ್ದಂತೆ ಮಾತಾಡುತ್ತಾರೆ, ಕೆಲವರು ಅಳುತ್ತಾರೆ, ಗಾಬರಿಯಾಗದೆ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿರಿ ಎಂದು ನನಗೆ ಹೇಳಿದರು.

ಕೀಲು ಕೂತಿದ್ದು ಅವ್ವಿಗೆ ಗೊತ್ತೇ ಆಗಲಿಲ್ಲ. ಕಣ್ಣು ತೆರೆದಿತ್ತು, ನೋಟ ಮಾತ್ರ ಎಲ್ಲೋ ಇತ್ತು. ತಾರಸಿ ನೋಡುತ್ತ, "ಹೊಳೆ ಮೇಲೆ ಹೋತಲ್ಲೇ" ಎಂದಳು. ಎಡಗೈ ಹಾಸಿಗೆಯ ಬಟ್ಟೆಯಲ್ಲಿ ಮೆಲ್ಲಗೆ ಹುಡುಕಾಡುತ್ತಿತ್ತು, ಕೆಸರಿನಲ್ಲಿ ಬಳಚು ತಡಕುವ ಹಾಗೆ. ಒಂದೊಂದು ಸಿಕ್ಕಿದಂತಾದಾಗಲೂ ಬಾಯಿ ತುಂಬ ನಗುತ್ತಿದ್ದಳು. ಕಿಟಕಿಯ ಹಸಿರು ಪರದೆ ಗಾಳಿಗೆ ಉಬ್ಬಿದ್ದನ್ನು ಕಂಡು ಎಷ್ಟು ಚಂದ, ಎಷ್ಟು ಚಂದ ಎನ್ನುತ್ತ ಅತ್ತುಬಿಟ್ಟಳು. ಅಕ್ಕಾ, ಬರೀ ಒಂದು ಪರದೆಗೆ! ಅಷ್ಟು ದಿನ ಎಲ್ಲವನ್ನೂ ಸಣ್ಣ ದನಿಯಲ್ಲಿ ಇಟ್ಟುಕೊಂಡಿದ್ದವಳಲ್ಲಿ ಯಾರೋ ದನಿ ಏರಿಸಿದ ಹಾಗಿತ್ತು.

ಆಮೇಲೆ ಸಿಟ್ಟು ಬಂತು. ನಾನು ಅಂಥ ಸಿಟ್ಟು ನೋಡಿಲ್ಲ. "ಎಂತಕೆ ಹೇಳ್ದೇ ಹೋದ್ಯೇ, ದೇವೀ?" ಎಂದು ಕೂಗಿದಳು. ನರ್ಸು ಓಡಿ ಬಂದಳು. ನಾನು ಅವ್ವಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ನನ್ನನ್ನೇ ದಿಟ್ಟಿಸಿದಳು. ನೋಡುತ್ತ ನೋಡುತ್ತ ಕಣ್ಣು ಮೆತ್ತಗಾಯಿತು.

"ಬಂದ್ಯೆ?"

ನಾನು ದೀಪಾ ಎನ್ನಬೇಕಿತ್ತು. ಅನ್ನಲಿಲ್ಲ.

"ಬಂದೆ ಅವ್ವಿ."

"ಸುಖದಲ್ಲಿದ್ಯೆ?"

"ಸುಖದಲ್ಲೇ ಇದ್ದೆ."

ಆಗ ಅವಳು ಹಾಡಲು ಶುರುಮಾಡಿದಳು. ನಮ್ಮಲ್ಲಿ ಮದುಮಗಳನ್ನು ಕಳಿಸಿಕೊಡುವಾಗ ಹಾಡುವ ಹಾಡು. ಪ್ರತಿ ನುಡಿಯಲ್ಲೂ ಮದುಮಗಳ ಹೆಸರು ಬರಬೇಕಲ್ಲ, ನಿನ್ನ ಹೆಸರು ಬಂತು. ಎಣ್ಣೆ ಹಚ್ಚಿಸಿಕೊಂಡ ದೇವಿ, ಹೊಸಿಲು ದಾಟಿದ ದೇವಿ, ತಿರುಗಿ ತಿರುಗಿ ನೋಡಿದ ದೇವಿ. ದನಿ ನಡುಗಲಿಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ಪರಮೇಶ್ವರಿ ಎಂಬ ಮುದುಕಿ ನುಡಿಯ ಕೊನೆಗೆ ಸೊಲ್ಲು ಕೂಡಿಸಿದಳು. ಹೊರಗೆ ಭಟ್ಕಳದ ಕಡೆ ಹೋಗುವ ಬಸ್ಸುಗಳ ಹಾರ್ನು. ಆ ಕೋಣೆ ಎಲ್ಲಿಗೋ ತೇಲಿ ಹೋಗುತ್ತಿದೆ, ನಾನೂ ಅದರೊಳಗೆ ಕೂತು ಹೋಗುತ್ತಿದ್ದೇನೆ ಅನ್ನಿಸಿತು. ಮದ್ದು ಚುಚ್ಚಿದ್ದು ಅವಳಿಗೆ. ನನಗೂ ಏರಿತ್ತೋ ಏನೋ.

ನಿಜ ಹೇಳಲೇ? ನನಗೆ ಹೊಟ್ಟೆಯುರಿಯಿತು. ದಿನಾ ಅವಳ ಜೊತೆ ಇರುವವಳು ನಾನು. ನನ್ನ ಕೆನ್ನೆ ಸವರುತ್ತ ಅವಳು ನಿನ್ನನ್ನು ಹಾಡಿದಳು. ನಿನಗೆ ಸೇರಬೇಕಾದದ್ದನ್ನೆಲ್ಲ ನಾನೇ ತೆಗೆದುಕೊಂಡು ಕೂತಿದ್ದೆ. ಬಿಟ್ಟುಕೊಡುವ ಮನಸ್ಸೂ ಆಗಲಿಲ್ಲ.

ಆಮೇಲೆ ಡಾಕ್ಟರಮ್ಮನನ್ನು ಕೇಳಿದೆ: ಅದು ಅವ್ವಿಯೋ, ಮದ್ದೋ? ಅವರು ಚೀಟಿ ಬರೆಯುತ್ತ ಉತ್ತರಿಸಿದರು. ಒಳಗಿರುವುದು ಕೆಲವೊಮ್ಮೆ ಬಹಳ ದೊಡ್ಡದಾಗಿ ಬರುತ್ತದೆ, ಪ್ರೀತಿಯಾದರೆ ಪ್ರೀತಿ, ಹೆದರಿಕೆಯಾದರೆ ಹೆದರಿಕೆ. ಹಾಗೆಂದು ಆಗ ಆಡಿದ್ದೆಲ್ಲ ಸತ್ಯ ಎಂದು ತಿಳಿಯಬೇಡಿ, ಎಚ್ಚರವಾದ ಮೇಲೆ ಏನು ಹೇಳುತ್ತಾರೆ ನೋಡಿ ಎಂದರು.

ಎಚ್ಚರವಾದ ಮೇಲೆ ಅವ್ವಿ ಚಾ ಕೇಳಿದಳು. ಏನಾದರೂ ನೆನಪಿದೆಯಾ ಎಂದು ಕೇಳಿದ್ದಕ್ಕೆ, "ಎಂತದೂ ನೆಂಪಿಲ್ಲ, ನಿದ್ದೆ ಬಂದಿತ್ತು" ಎಂದಳು. ಬಳಚಿನ ಬುಟ್ಟಿ ದೋಣಿಯಲ್ಲೇ ಉಳಿಯಿತು ಎಂದು ಊರು ಮುಟ್ಟುವ ತನಕ ಹೇಳುತ್ತಲೇ ಇದ್ದಳು. ನಿನ್ನ ವಿಷಯಕ್ಕೆ ಮತ್ತೆ ಅದೇ ಮೊದಲಿನ ಮುಚ್ಚಿದ ಬಾಯಿ. ಈಗ ತೋಳನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಅಂಗಳದಲ್ಲಿ ಕೂತು ಹೊಳೆ ನೋಡುತ್ತಾಳೆ.

ಅಕ್ಕಾ, ನೀನು ಸುಖವಾಗಿದ್ದೀಯಾ? ನಾನು ನಿನ್ನ ಪರವಾಗಿ ಹೌದು ಎಂದುಬಿಟ್ಟೆ. ನಾನು ನಿನ್ನನ್ನು ಈ ಮಾತು ಯಾವತ್ತೂ ಕೇಳಿಲ್ಲ ಎಂದು ಆಗಲೇ ಹೊಳೆದದ್ದು. ಹೌದಾದರೂ ಅಲ್ಲವಾದರೂ ಬರೆ. ಬರುವ ಮನಸ್ಸಿದ್ದರೆ ಬಾ. ಅವ್ವಿ ಮಾತಾಡುತ್ತಾಳೆ ಎಂದು ನಾನು ಮಾತು ಕೊಡಲಾರೆ. ನಾನು ಕೇಳಿದ್ದನ್ನು ನಿನಗೆ ತಲುಪಿಸದೆ ಇರಲಾರೆ, ಅಷ್ಟೇ. ಭಾವನಿಗೆ ಕೇಳಿದೆ ಎಂದು ಹೇಳು.

ನಿನ್ನ ಕಾಗದದ ದಾರಿ ನೋಡುತ್ತಿರುವ,
ದೀಪಾ

ಕಾಗದ ಮುಗಿಸಿದ ಮೇಲೆ: ಲಕೋಟೆಗೆ ಅಂಟು ಹಚ್ಚುವಾಗ ಅವ್ವಿ ಬಾಗಿಲಲ್ಲಿ ಬಂದು ನಿಂತಳು. ಯಾರಿಗೆ ಎಂದು ಕೇಳಲಿಲ್ಲ. ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಸುಖದಲ್ಲೇ ಇದ್ದೆ ಅಂತ ನೀ ಹೇಳ್ದೆ. ನೀ ದೀಪಾ ಅಂತ ನಂಗೆ ಕಾಂಬ್ದಿಲ್ವೇ? ಅವ್ಳ ಬಾಯಿಂದ ಕೇಳ್ಬೇಕು. ತೋಳು ಗುಣ ಆತು ಅಂದ್ರೆ ನಾನೇ ಭಟ್ಕಳಕ್ಕೆ ಹೋಗಿ ಬತ್ತೆ. ಮನೆ ಎಲ್ಲಿ ಅಂತ ಸಮಾ ಬರೀಲಿಕ್ಕೆ ಹೇಳು."