ಕೊಡೆಗಳ ನಡುವೆ ಸಿಕ್ಕ ಗುಡ್ಡ

ಅಕ್ಕ, ಮೊದಲೇ ಹೇಳಿಬಿಡುತ್ತೇನೆ, ಚಿತ್ರ ಸಿಕ್ಕಿತು, ಹೋದ ಜೀವ ಬಂತು. ನಾಳೆಯ ಪ್ರದರ್ಶನಕ್ಕೆಂದು ತಂದು ರೈಲಿನಲ್ಲೇ ಮರೆತು ಇಳಿದಿದ್ದ ನನ್ನ ಗುಡ್ಡದ ಚಿತ್ರ, ಈ ಊರಿನ ಸ್ಟೇಷನ್ನಿನಲ್ಲಿ ಕಳೆದ ಸಾಮಾನು ಇಡುವ ಕೋಣೆಯೊಳಗೆ ನಲವತ್ತು ಕೊಡೆಗಳ ನಡುವೆ ಒರಗಿ ನಿಂತಿತ್ತು. ಆದರೆ ಗುಮಾಸ್ತ ಕೊಡಲೊಲ್ಲ. “ಮೂಲೇಲಿ ಬರೀ ಇನಿಷಿಯಲ್ ಇದೆ. ಯಾರೋ ಸಾಹೇಬ್ರು ಬರೆದಿರೋ ಹಾಗಿದೆ. ನಿಮ್ದೇ ಅನ್ನೋಕೆ ಏನಮ್ಮ ಗುರುತು?” ಎಂದ. ಹೆಂಗಸು ಅಂತ ಗೊತ್ತಾದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಇನಿಷಿಯಲ್ ಸಾಕು ಎಂದು ಮೂವತ್ತು ವರ್ಷದ ಹಿಂದೆ ನೀನು ಹೇಳಿಕೊಟ್ಟ ಬುದ್ಧಿ ಇವತ್ತು ಕುತ್ತಿಗೆಗೆ ಬಂತು. ಅವನ ಪೆನ್ಸಿಲನ್ನೇ ಕೇಳಿ ತೆಗೆದುಕೊಂಡು, ಚಿತ್ರಕ್ಕೆ ಬೆನ್ನು ಹಾಕಿ ಕೂತು, ಅವನ ಫಾರಮ್ಮಿನ ಹಿಂಬದಿಗೆ ಅದೇ ಗುಡ್ಡವನ್ನು ಒಂದು ಬಂಡೆಯೂ ಬಿಡದೆ ಬರೆದೆ. ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. “ಸರಿ, ತಗೊಂಡ್ಹೋಗಿ. ಫಾರಮ್ಮಿನ ಈ ಚಿತ್ರದ ಕೆಳಗೊಂದು ಸಹಿ ಹಾಕಿ. ಇನಿಷಿಯಲ್ ನಡೆಯಲ್ಲ, ಪೂರ್ತಿ ಹೆಸರು ಬರೀರಿ.”

ಮಂಡಿನೋವು ಪರವಾಗಿಲ್ಲ, ಮಾತ್ರೆ ತಪ್ಪಿಸಿಲ್ಲ. ಈ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ನಾನು ಪೂರ್ತಿ ಹೆಸರು ಹಾಕಿದ ಮೊದಲ ಚಿತ್ರ ಆ ಗುಮಾಸ್ತನ ಫೈಲಿನಲ್ಲಿದೆ. ಎರಡನೆಯದು ಈ ಗುಡ್ಡ. ಹೆಸರಿನ ಬಣ್ಣ ಒಣಗಲೆಂದು ಕಿಟಕಿಯ ಬಳಿ ಇಟ್ಟಿದ್ದೇನೆ.

ನಿನ್ನ ತಂಗಿ