ಬೆತ್ತಕ್ಕೆ ಬಾಯಿ ಕೊಟ್ಟವನು

ಫೆಬ್ರವರಿ 6, 1888

ಬೆಳಿಗ್ಗೆ ಗೆಣಸಿನ ಹೊಲ. ಮಧ್ಯಾಹ್ನ ಸ್ಕೂಲಿನ ಸಭೆ. ಎದ್ದೆ, ಕೆತ್ತನೆಯ ಕೋಲು ಝಳಪಿಸಿದೆ, ಗರ್ಜಿಸಿದೆ! "ಮೇಷ್ಟ್ರೇ, ಇಂಗ್ಲಿಷ್ ಬಾರದೆ ಕೋರ್ಟಿನಲ್ಲಿ ನಮ್ಮ ಗುಡ್ಡವೇ ಹೋಯ್ತು! ಮಕ್ಕಳು ಇಲ್ಲಿ ನಮ್ಮ ಮಾವೊರಿ ಮಾತು ಆಡಿದರೆ ಹೊಡೀರಿ! ನಮ್ಮ ಮಾತು ಎಲ್ಲಿಗೂ ಹೋಗಲ್ಲ, ಅದು ಮನೇಲಿರುತ್ತೆ!" ಸಭೆ ನೆಲ ಗುದ್ದಿ ಮೆಚ್ಚಿತು. ಹೆಂಡತಿ ಹೇನಿ ಮಾತ್ರ ಮೆಚ್ಚಲಿಲ್ಲ.

"ಗಂಟಲು ನಿಂದು, ತಮಹೌ. ಬೆನ್ನು ಮಗಳದ್ದು."

ಹೆಂಗಸಿನ ಭಯ.

ಫೆಬ್ರವರಿ 21

ಮಗಳು ರೀಪೆಕಾಳ ಎರಡೂ ಅಂಗೈ ಸೀಳಿವೆ. ಒಂದು ಬೆರಳು ಮುರಿದಿದೆ. ಒಂಬತ್ತು ವರ್ಷದ ಕೂಸು!

ಸ್ಕೂಲಿನ ಅಂಗಳದಲ್ಲಿ ಕುದುರೆ ಬೆದರಿ ನುಗ್ಗಿತಂತೆ. ಗೆಳತಿ ಅಡ್ಡವಿದ್ದಳು. ಇವಳು ನಮ್ಮ ಮಾತಿನಲ್ಲಿ ಕಿರುಚಿದಳು — ಪಕ್ಕಕ್ಕೆ ಸರಿ, ಸರಿ! ಗೆಳತಿ ಉಳಿದಳು. ಇವಳಿಗೆ ಮೇಷ್ಟ್ರ ಬೆತ್ತ.

ಕೊಡಲಿ ಹಿಡಿದು ಹೊರಟೆ. ಹೇನಿ ಬಾಗಿಲಿಗೆ ಅಡ್ಡ ನಿಂತಳು.

"ಯಾರನ್ನ ಕಡೀತೀಯ? ನೀನು ಹೇಳಿದ್ದನ್ನೇ ಅವನು ಮಾಡಿದ."

ಫೆಬ್ರವರಿ 24

ಮಗಳು ಮಾತಾಡುತ್ತಿಲ್ಲ. ಆ ಮಾತೂ ಇಲ್ಲ, ಈ ಮಾತೂ ಇಲ್ಲ. ತಂಗಿ ಹೂರಿಯಾ ಕೆಣಕಿದರೂ ಇಲ್ಲ.

ಹೇನಿಯ ಅಣ್ಣ ಪಾರಾತೆನೆ ಹೇಳಿಕಳಿಸಿದ್ದಾನೆ: ಮುರು ದಂಡು ಬರುತ್ತಿದೆ. ಬರಲೇಬೇಕು! ಮಗುವಿಗೆ ಗಾಯವಾದರೆ ತಾಯಿಯ ಕಡೆಯವರು ಬಂದು ತಪ್ಪಿತಸ್ಥನನ್ನು ಬಡಿದು, ಮನೆ ದೋಚಬೇಕು. ಆಗಲೇ ಲೆಕ್ಕ ಚುಕ್ತಾ. ಮೇಷ್ಟ್ರೇ, ನಿನ್ನ ಗತಿ ಮುಗಿಯಿತು! ದಂಡಿಗೆ ಊಟ ಹಾಕಲು ದೊಡ್ಡ ಹಂದಿ ಕೊಯ್ದೆ, ಮಣ್ಣಿನೊಲೆಯಲ್ಲಿ ಹೂತೆ.

ಫೆಬ್ರವರಿ 25, ಸಂಜೆ

ಎಡಗೈ ಎತ್ತಲಾಗುವುದಿಲ್ಲ. ತಲೆಯಲ್ಲಿ ಹೊಲಿಗೆ.

ಬಂದರು! ಈಟಿ, ದೊಣ್ಣೆ, ನಾಲಿಗೆ ಚಾಚಿದ ಮುಖಗಳು. ನೆಲ ಗುಡುಗಿತು. ಕೈ ಚಾಚಿ ಸ್ವಾಗತಿಸಿದೆ.

"ಭಾವಾ!" ಪಾರಾತೆನೆ ಮೂಗರಳಿಸಿದ. "ಹಂದಿ ಘಮ್ ಅಂತಿದೆ. ತಿಂದು ಹೊಡೆಯೋಣ್ವಾ, ಹೊಡೆದು ತಿನ್ನೋಣ್ವಾ?"

"ಮೇಷ್ಟ್ರ ಮನೆ ಆ ಕಡೆ ಕಣಯ್ಯಾ!"

"ಗೊತ್ತು. ಬೆತ್ತಕ್ಕೆ ಬಾಯಿ ಕೊಟ್ಟವನ ಮನೆ ಈ ಕಡೆ."

ದೊಣ್ಣೆ ಬಿತ್ತು. ಒಂದು ಏಟು ನಾನೂ ಕೊಟ್ಟೆ — ಅವನ ಹಲ್ಲು ಹಾರಿತು, ನಕ್ಕ. ಆಮೇಲೆ ಮಣ್ಣು, ರಕ್ತ, ಬಾಯಲ್ಲಿ ಉಪ್ಪು. ಕುದುರೆ ಹೋಯಿತು. ನೇಗಿಲು, ದೋಣಿ ಹೋದವು. ನನ್ನ ಕೆತ್ತನೆಯ ಕೋಲನ್ನು ಪಾರಾತೆನೆ ಮೊಣಕಾಲಿಗೆ ಒತ್ತಿ ಮುರಿದ. ಬಳಿಕ ನನ್ನ ಹಣೆಗೆ ಹಣೆ ಮುಟ್ಟಿಸಿ ಗಳಗಳ ಅತ್ತ. ಎಲ್ಲರೂ ಕೂತು ಹಂದಿ ತಿಂದರು.

ರೀಪೆಕಾ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಮಾರ್ಚ್ 12

ಮೇಷ್ಟ್ರಿಗೆ ಹೇಳಿದೆ: ಬೆತ್ತ ಸಾಕು. ಆತ ತಣ್ಣಗೆ ನಕ್ಕ. "ಸಭೆಯ ನಿರ್ಣಯ. ಸಭೆಯೇ ಬದಲಿಸಲಿ." ಸಭೆ ಬದಲಿಸುವುದಿಲ್ಲ. ಅವರನ್ನು ಒಪ್ಪಿಸಿದವನು ನಾನು — ಅಷ್ಟು ಚೆನ್ನಾಗಿ!

ಮಗಳನ್ನು ಸ್ಕೂಲು ಬಿಡಿಸಿದೆ. ಮನೆಯಲ್ಲಿ ಮಾತು ಮರಳೀತು.

ಮಾರ್ಚ್ 30

ಮರಳಿತು.

ಅಂಗಳದಲ್ಲಿ ಛಟೀರ್ ಎಂದಿತು. ಓಡಿದೆ. ಮೂರು ವರ್ಷದ ಹೂರಿಯಾ ಅಂಗೈ ಒಡ್ಡಿ ನಿಂತಿದ್ದಾಳೆ, ಕೆಂಪಗೆ ಬಾಸುಂಡೆ. ನಮ್ಮ ಮಾತಿನಲ್ಲಿ ನೀರು ಕೇಳಿದ್ದಳಂತೆ. ರೀಪೆಕಾಳ ಕೈಯಲ್ಲಿ ಹಸಿ ಕಡ್ಡಿ.

"ಸ್ಟಾಪ್!" ಎನ್ನುತ್ತಿದ್ದಾಳೆ ತಂಗಿಗೆ. ಮೇಷ್ಟ್ರದ್ದೇ ದನಿ. ನಮ್ಮ ಒಂದು ಪದವೂ ಹೀಗೆ ತುಟಿ ಮುಚ್ಚಿ ಮುಗಿಯುವುದಿಲ್ಲ.

"ಬಿಡೇ!" ಅಂದೆ. ಮತ್ತೆ ಹೊಡೆದಳು. ನನ್ನ ಕೈ ಮೇಲೆದ್ದಿತು. ರೀಪೆಕಾ ಕಡ್ಡಿ ಕೆಳಗಿಟ್ಟಳು. ನನ್ನತ್ತ ತಿರುಗಿ, ಅಳದೆ, ಎರಡೂ ಅಂಗೈ ಜೋಡಿಸಿ ಏಟಿಗೆ ಒಡ್ಡಿ ನಿಂತಳು.