ಹಿಂದೆ ಕರು ಇದೆ

ತಾಲ್‌ಸೆಲೆ
ಸೆಪ್ಟೆಂಬರ್ 23, 1984

ಪ್ರೀತಿಯ ಗುನ್ವೋರ್ ಅಕ್ಕ,

ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ಬರೆಯಲು ಕೂತಾಗಲೆಲ್ಲ ‘ನಾವು ಚೆನ್ನಾಗಿದ್ದೇವೆ’ ಅನ್ನುವಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ನಾವು ಚೆನ್ನಾಗಿಲ್ಲ. ನೀನು ಹೇಗಿದ್ದೀಯ? ಆಸ್ಪತ್ರೆಯವರು ನಿನ್ನನ್ನು ಹಗಲಿನ ಪಾಳಿಗೆ ಹಾಕಿದರಾ?

ಅಮ್ಮ ಲಿಂಗಾನ್ ಹಣ್ಣು ಬಕೆಟ್‌ಗಟ್ಟಲೆ ತಂದು ಕುದಿಸುತ್ತಿದ್ದಾಳೆ. ಮನೆಯೆಲ್ಲ ಹುಳಿ ವಾಸನೆ. ನನಗೆ ಮರದ ಮಿಲ್ಲಿನಲ್ಲಿ ಹಲಗೆ ಜೋಡಿಸುವ ಕೆಲಸ ಸಿಕ್ಕಿದೆ. ಬೇಸರವಾಗುತ್ತದೆ, ಆದರೆ ಅರ್ಧಕ್ಕೇ ಬಿಟ್ಟುಬಂದ ಶಾಲೆಯಲ್ಲಿ ಆಗುತ್ತಿದ್ದಷ್ಟಿಲ್ಲ.

ಈ ವರ್ಷ ನಾನೂ ಬೇಟೆಯ ತಂಡ ಸೇರಿದ್ದು ನಿನಗೆ ಗೊತ್ತು. ಗುರಿ ಪರೀಕ್ಷೆ ಪಾಸಾದ ದಿನ ಅಪ್ಪ ಅಂಗಡಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದ. ಅಜ್ಜನ ಹಳೇ ಕೋವಿಗೆ ಎಣ್ಣೆ ಹಚ್ಚಿ ನನ್ನ ಕೈಗೆ ಕೊಟ್ಟ. ಜೌಗಿನ ಅಂಚಿನಲ್ಲಿ ಅಜ್ಜ ಕೂರುತ್ತಿದ್ದ ಅದೇ ಅಟ್ಟಣೆಯ ಮೇಲೆ ನಾವಿಬ್ಬರೂ ಕೂತೆವು. ಮೊದಲ ಎಲ್ಕ್ ಜಿಂಕೆ ನಿನ್ನದೇ ಅಂದ. ಅಷ್ಟು ಖುಷಿಯಲ್ಲಿ ನಾನು ಅವನನ್ನು ನೋಡಿರಲಿಲ್ಲ.

ನಾಯಿ ದೂರದಲ್ಲಿ ಬೊಗಳಿತು. ಸ್ವಲ್ಪ ಹೊತ್ತಿಗೆ ಕುದುರೆಯಷ್ಟು ದೊಡ್ಡ ಹೆಣ್ಣು ಎಲ್ಕ್ ಒಂದು ಜೌಗಿಗೆ ಇಳಿಯಿತು. ಅದರ ಹಿಂದೆ, ಬರ್ಚ್ ಪೊದೆಯ ನೆರಳಲ್ಲಿ, ಕಂದು ಬಣ್ಣದ ಕರು. ಹೊಡೆಯುವುದಾದರೆ ಕರು ಮೊದಲು, ತಾಯಿ ಆಮೇಲೆ. ತಾಯಿಯನ್ನು ಕೊಂದು ಕರುವನ್ನು ಅನಾಥ ಮಾಡಬಾರದು ಅಂತ ನಮಗೆ ಹೇಳಿಕೊಟ್ಟವನೇ ಅಪ್ಪ. ಪೊದೆ ಬಿಟ್ಟು ಕರು ಈಚೆ ಬರಲಿ ಅಂತ ನಾನು ಕಾದೆ. ಅಪ್ಪ ಕೋವಿ ಎತ್ತಿದ್ದು ಕಂಡು, “ಅಪ್ಪ, ಹಿಂದೆ ಕರು ಇದೆ” ಅಂದೆ. ಅವನು ಹೊಡೆದ. ತಾಯಿ ಬಿತ್ತು.

ಕರು ಓಡಿಹೋಗಲಿಲ್ಲ. ಒಂದು ಸುತ್ತು ಹಾಕಿ ಬಂದು ತಾಯಿಯ ಪಕ್ಕ ನಿಂತಿತು. ಆಗ ಅಪ್ಪನಿಗೆ ಕಂಡಿತು. ಅವನ ಮುಖ ಸುಣ್ಣದ ಹಾಗಾಯಿತು.

ಅಷ್ಟರಲ್ಲಿ ವಾಕಿಟಾಕಿಯಲ್ಲಿ ತಂಡದ ಯಜಮಾನ ಸಿಕ್ಸ್ಟೆನ್ ಮಾವ, ಯಾರು ಹೊಡೆದದ್ದು ಅಂತ ಕೇಳಿದ. ಅಪ್ಪ ನನ್ನ ಕಡೆ ನೋಡಲಿಲ್ಲ.

“ಹುಡುಗಿ ಹೊಡೆದ್ಳು. ಮೊದಲ್ನೇ ಸಲ ನೋಡು, ಅವಸರ ಮಾಡಿಬಿಟ್ಳು. ಕರು ಉಳ್ಕೊಂಡಿದೆ.”

ಉಳಿದ ಕರುವನ್ನು ಹಾಗೇ ಬಿಡುವ ಹಾಗಿಲ್ಲ, ಅದು ಚಳಿಗಾಲ ದಾಟುವುದಿಲ್ಲ. ಈಗ ನೀನು ಹೊಡಿ ಅಂದ ಅಪ್ಪ. ಹೊಡೆದೆ. ಅದೇ ನನ್ನ ಮೊದಲ ಎಲ್ಕ್.

ಆಮೇಲೆ ತಂಡದವರೆಲ್ಲ ಬೆಂಕಿಯ ಸುತ್ತ ಸಾಸೇಜ್ ಸುಡುತ್ತಿದ್ದರು. ಪಕ್ಕದ ಮನೆಯ ಫೋಲ್ಕೆ ನನ್ನನ್ನು ಕಂಡದ್ದೇ, “ಶಾಲೇಲೂ ಗಂಟೆ ಹೊಡೆಯೋ ಮುಂಚೆ ಎದ್ದು ಬಂದೋಳು, ಇಲ್ಲಿ ಕಾಯ್ತಾಳಾ?” ಅಂದ. ಎಲ್ಲರೂ ನಕ್ಕರು. ಆ ಗುಂಡು ನನ್ನದಲ್ಲ ಅಂದೆ. ಸಿಕ್ಸ್ಟೆನ್ ಮಾವ ಬೆನ್ನು ತಟ್ಟಿ, ಇದೆಲ್ಲ ಆಗುತ್ತೆ, ಈ ವರ್ಷ ಕೋವಿ ಮನೆಯಲ್ಲಿಡು ಸಾಕು ಅಂದ. ಅಪ್ಪ ತನ್ನ ಸಾಸೇಜನ್ನು ತಿರುಗಿಸುತ್ತಲೇ ಇದ್ದ. ಅದು ಕರಿಕಲಾಗಿತ್ತು.

ಕಾರಿನಲ್ಲಿ ಜಗಳವಾಯಿತು. ತನ್ನ ಕಣ್ಣು ಮಂಜಾಗಿರುವುದು ತಂಡಕ್ಕೆ ತಿಳಿದರೆ ಅಟ್ಟಣೆ ಕಿತ್ತುಕೊಳ್ಳುತ್ತಾರೆ ಅಂದ ಅಪ್ಪ. ವಾಕಿಟಾಕಿ ಎತ್ತುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಅಂದೆ.

“ಕೇಳಿದ್ರೆ ಒಪ್ತಿದ್ಯಾ?”

“ಇಲ್ಲ.”

“ಅದಕ್ಕೇ ಕೇಳಲಿಲ್ಲ.”

ನಿನ್ನೆ ಮಾಂಸದ ಪಾಲು. ತಂಡದ ಕಿರಿಯಳು ನಾನಾದ್ದರಿಂದ, ಪಾಲಿನಲ್ಲಿ ಪಕ್ಷಪಾತವಾಗದ ಹಾಗೆ ಬೆನ್ನು ತಿರುಗಿಸಿ ಹೆಸರು ಕೂಗುವ ಸರದಿ ನನ್ನದು. ಚಿಕ್ಕಂದಿನಲ್ಲಿ ನೀನು ಕೂಗುತ್ತಿದ್ದಾಗ ನನಗೆಷ್ಟು ಹೊಟ್ಟೆಕಿಚ್ಚಿತ್ತು, ನೆನಪಿದೆಯಾ? ಸಿಕ್ಸ್ಟೆನ್ ಮಾವ ಒಂದೊಂದೇ ರಾಶಿಯ ಮೇಲೆ ಕೈಯಿಟ್ಟು, ಇದು ಯಾರಿಗೆ ಅಂತ ಕೇಳುತ್ತಿದ್ದ. ನಾನು ಗೋಡೆ ನೋಡಿಕೊಂಡು ಕೂಗುತ್ತಿದ್ದೆ. ಫೋಲ್ಕೆಯ ಹೆಸರಾಯಿತು. ಆಮೇಲೆ ನನ್ನ ಬಾಯಲ್ಲಿ ಹೆಸರು ಬರಲಿಲ್ಲ. ಆ ತಾಯಿಯನ್ನು ಹೊಡೆದದ್ದು ಅಪ್ಪ, ಅವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅಂತ ಗೋಡೆಗೆ ಹೇಳಿದೆ.

ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಹೊರಗೆ ಹೋದದ್ದು ಕೇಳಿಸಿತು.

“ನಮಗೆ ಗೊತ್ತಿಲ್ವೇನೇ ಈಲ್ವಾ?” ಅಂದ ಸಿಕ್ಸ್ಟೆನ್ ಮಾವ, ಮೆಲ್ಲಗೆ. “ಹೋದ್ವರ್ಷ ನನ್ನ ಟೋಪಿಗೇ ಗುರಿ ಇಟ್ಟಿದ್ದ. ಬೇಟೆ ಬಿಟ್ರೆ ಅವನಿಗೆ ಇನ್ನೇನಿದೆ? ನೀನು ಚಿಕ್ಕೋಳು, ನಿಂಗೇನು ನಷ್ಟ? ಮುಂದಿನ ಹೆಸರು ಹೇಳು.”

“ಮುಂದಿನ್ವರ್ಷ ಆ ಟೋಪಿ ಕೆಳಗೆ ತಲೆ ಉಳಿದಿರುತ್ತಾ ಮಾವ?”

ಇದು ಯಾರಿಗೆ ಅಂತ ಮಾವ ಮತ್ತೆ ಕೇಳಿದ. ಅಕ್ಕ, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ನಕ್ಕಿದ್ದರು. ಅಪ್ಪನ ಹೆಸರು ಕೂಗಿದೆ, ಉಳಿದವರದ್ದೂ ಕೂಗಿದೆ. ನನ್ನದು ಕೂಗಲಿಲ್ಲ. ಒಂದು ರಾಶಿ ಹಲಗೆಯ ಮೇಲೆ ಹಾಗೇ ಉಳಿಯಿತು.

ಈ ಪತ್ರ ತಂದ ಮಿಲ್ಲಿನ ಲಾರಿಯವನು ಬಟ್ಟೆ ಸುತ್ತಿದ ಒಂದು ಭಾರದ ಪೊಟ್ಟಣವನ್ನೂ ಕೊಡುತ್ತಾನೆ. ಅದು ಅಪ್ಪನ ಕೋವಿಯ ಬೋಲ್ಟು. ಅದಿಲ್ಲದೆ ಕೋವಿ ಬರೀ ಕೋಲು. ಕದ್ದದ್ದಲ್ಲ, ಇವತ್ತು ಬೆಳಿಗ್ಗೆ ಅವನೆದುರೇ ಬಿಚ್ಚಿ, ಅಕ್ಕನಿಗೆ ಕಳಿಸುತ್ತೇನೆ ಅಂತ ಹೇಳಿದೆ. ಅವನು ಕಾಫಿ ಕುಡಿಯುತ್ತಾ ಕೂತಿದ್ದ, ತಡೆಯಲಿಲ್ಲ. ಕಾರಿನ ಜಗಳದ ದಿನದಿಂದ ನಮ್ಮಿಬ್ಬರಿಗೆ ಮಾತಿಲ್ಲ. ನಿಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಬಾ ಅಂತ ನೀನೇ ಅವನಿಗೆ ಬರೆ. ನಿನ್ನ ಮಾತು ಕೇಳುತ್ತಾನೆ. ಡಾಕ್ಟರು ಸರಿ ಅಂದರೆ ನಾನೇ ಬಂದು ಬೋಲ್ಟು ಒಯ್ಯುತ್ತೇನೆ.

ಚಳಿ ಬೇಗ ಬರುವ ಹಾಗಿದೆ. ಬೆಚ್ಚಗಿರು. ಒಳ್ಳೆಯವರ ನಡುವೆ ಇರು.

ನಿನ್ನ ತಂಗಿ
ಈಲ್ವಾ

ಮರೆತೆ ಅಂತ ಬರೆದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಆಗಲಿಲ್ಲ. ಕಾರಿನಲ್ಲಿ ಇನ್ನೊಂದು ಮಾತು ಕೇಳಿದ್ದೆ. ಕಣ್ಣಿಗೆ ಕಾಣಲಿಲ್ಲ ಸರಿ, ಕರು ಇದೆ ಅಂತ ನಾನು ಹೇಳಿದ್ದೂ ಕೇಳಿಸಲಿಲ್ಲವಾ ಅಂತ. “ಕೇಳಿಸ್ತು” ಅಂದ. “ನೀನು ಹೇಳಿದ್ದಲ್ವಾ, ನಂಬಲಿಲ್ಲ.”